ನಾಲ್ಕು ಬಿಳಿಯ ಹೊಲಿಗೆಗಳು

2024ರ ಜೂನ್ ತಿಂಗಳಿನಲ್ಲಿ ನಾನು ಹದಿನೈದು ದಿನ ಪ್ಯಾರಿಸ್ ನಗರದಲ್ಲಿದ್ದೆ. ಒಲಿಂಪಿಕ್ ಕ್ರೀಡೆಗಳಿಗೆ ಇನ್ನೂ ಒಂದೂವರೆ ತಿಂಗಳಿದ್ದಿತು. ಸೇನ್ ನದಿಯ ದಡದಲ್ಲಿ ಪ್ರೇಕ್ಷಕರಿಗಾಗಿ ಕಬ್ಬಿಣದ ಮೆಟ್ಟಿಲುಗಳನ್ನು ಕಟ್ಟುತ್ತಿದ್ದರು. ಅಲ್ಲಿಯ ಗೋಪುರವನ್ನೂ ಚಿತ್ರಶಾಲೆಗಳನ್ನೂ ಕುರಿತು ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ, ಬರೆದೂ ಇದ್ದಾರೆ. ನಾನು ಬರೆಯಹೊರಟಿರುವುದು ಒಂದು ಷರಾಯಿಯ ವಿಚಾರ. ಅದೂ ಹೊಸದಲ್ಲ, ಯಾರೋ ಒಬ್ಬರು ತೊಟ್ಟು, ಸವೆಸಿ, ಸಾಕೆನಿಸಿ ಬಿಟ್ಟ ಜೀನ್ಸ್ ಷರಾಯಿ. ಅದಕ್ಕಾಗಿ ನನ್ನ ಕಣ್ಣೆದುರಿನಲ್ಲಿ, ನನ್ನ ಸಮ್ಮತಿಯಿಂದ, 165 ಯೂರೋಗಳನ್ನು, ಎಂದರೆ ಸುಮಾರು 15 ಸಾವಿರ ರೂಪಾಯಿಗಳನ್ನು, ಎಣಿಸಿ ಕೊಡಲಾಯಿತು. ವಾಚಕರು ನಕ್ಕರೆ ನನಗೆ ಬೇಸರವಿಲ್ಲ. ಆದರೆ ಆ ಹಣ ಕೊಡುವಾಗ ನನಗೆ ನಗು ಬರಲಿಲ್ಲ.

ನನ್ನ ತಂಗಿ ಹತ್ತು ಹದಿಮೂರು ವರ್ಷಗಳಿಂದ ಆ ಊರಿನಲ್ಲಿದ್ದಾಳೆ; ಅವಳ ಯಜಮಾನರಿಗೆ ಅಲ್ಲಿ ಇಂಜಿನಿಯರ್ ಕೆಲಸ. ಮಗನಿಗೆ ಹತ್ತೊಂಬತ್ತು ತುಂಬಿದೆ. ಆರನೆಯ ವಯಸ್ಸಿಗೇ ಊರು ಬಿಟ್ಟವನಾದರೂ ತಾಯಿಯಿಂದ ಕಲಿತ ಬಳ್ಳಾರಿಯ ಕನ್ನಡ ಅವನ ನಾಲಗೆಯಲ್ಲಿ ಇನ್ನೂ ಹಸಿಯಾಗಿದೆ. ಒಂದು ಗುರುವಾರ ಸಂಜೆ ಅವನು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಕೇಳಿದನು: “ಮಾಮ, ಶನಿವಾರ ನನ್ನ ಜತೆ ಒಂದು ಅಂಗಡಿಗೆ ಬರ್ತೀರಾ? ಅಮ್ಮಗೆ ಮಾತ್ರ ಹೇಳಬ್ಯಾಡ್ರಿ.”

ಕಾರಣವನ್ನು ವಿಚಾರಿಸಿದೆ. ಬೇಕರಿಯೊಂದರಲ್ಲಿ ವಾರಕ್ಕೆರಡು ದಿನ ಕೆಲಸ ಮಾಡಿ ಅವನು ಹಣ ಕೂಡಿಸಿದ್ದನು. ಅದರಿಂದ ಒಂದು ದೊಡ್ಡ ಹೆಸರಿನ ಮನೆಯ ಜೀನ್ಸ್ ಕೊಳ್ಳಬೇಕೆಂದು ಅವನ ಆಸೆ. ಹೊಸದು ಕೈಗೆಟುಕುವಂಥದಲ್ಲ; ಹಳೆಯದು ಸಿಕ್ಕುತ್ತದೆ. ಆದರೆ ಒಬ್ಬರು ತೊಟ್ಟು ಬಿಟ್ಟ ಬಟ್ಟೆ ತಮ್ಮ ಮನೆಯ ಹೊಸಿಲು ದಾಟಕೂಡದೆಂದು ತಾಯಿಯ ಕಟ್ಟಪ್ಪಣೆ. ಅದೇಕೆ ಹಾಗೆ ಎಂದು ಅವನಿಗೆ ತಿಳಿಯದು. ನನಗೆ ತಿಳಿದಿತ್ತು.

ನಾವು ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳು ನೂರಾರು ಇವೆ. ನಾವು ಚಿಕ್ಕವರಾಗಿದ್ದಾಗಲೂ ಆ ಕಸಬು ನಮ್ಮ ಬೀದಿಗಳಲ್ಲಿ ಬೇರೂರಿತ್ತು. ಹೊಲಿದ ಷರಾಯಿಗಳ ಗಂಟು ಸೈಕಲ್ಲಿನ ಮೇಲೆ ಮನೆಗೆ ಬರುತ್ತಿತ್ತು. ಹೊಲಿಗೆಯ ಕೊನೆಗಳಲ್ಲಿ ಜೋತುಬಿದ್ದ ದಾರಗಳನ್ನು ಕತ್ತರಿಸಿ ಚೊಕ್ಕಟ ಮಾಡಿಕೊಡುವುದು ನಮ್ಮ ತಾಯಿಯ ಕೆಲಸ, ಒಂದಕ್ಕೆ ನಾಲ್ಕಾಣೆ. ಶಾಲೆಯಿಂದ ಬಂದ ಮೇಲೆ ನಾನೂ ತಂಗಿಯೂ ಕೂಡುತ್ತಿದ್ದೆವು. ತೊಳೆಯದ ಜೀನ್ಸ್ ಬಟ್ಟೆಯ ಬಣ್ಣ ಕೈಗೆ ಹತ್ತುತ್ತದೆ. ರಾತ್ರಿ ಊಟಕ್ಕೆ ಕುಳಿತರೆ ಬೆರಳ ಸಂದಿಗಳಲ್ಲಿ ನೀಲಿ. ತಂಗಿಯ ಕೈ ನನಗಿಂತ ಚುರುಕು. ಅವಳು ದಾರವನ್ನು ನೋಡುತ್ತಿರಲಿಲ್ಲ. ಬೆರಳು ತಡವಿದಲ್ಲಿ ಕತ್ತರಿ ತಾನಾಗಿ ಹೋಗುತ್ತಿತ್ತು. ನಾವು ಅಷ್ಟು ಜೀನ್ಸುಗಳನ್ನು ಚೊಕ್ಕಟ ಮಾಡಿದೆವು, ಒಂದನ್ನೂ ತೊಡಲಿಲ್ಲ.

ನಾವು ತೊಡುತ್ತಿದ್ದದ್ದು ಬೇರೆಯವರದು. ತಾಯಿ ಮುಸುರೆ ತಿಕ್ಕುತ್ತಿದ್ದ ಮನೆಯವರು ದೀಪಾವಳಿಗೆ ತಮ್ಮ ಮಕ್ಕಳ ಹಳೆಯ ಬಟ್ಟೆಗಳನ್ನು ಕೊಡುತ್ತಿದ್ದರು. ದುಷ್ಟರಲ್ಲ, ಒಗೆಸಿ, ಮಡಿಸಿ ಕೊಡುತ್ತಿದ್ದರು. 1991ರಲ್ಲಿ, ನಾನು ಆರನೆಯ ತರಗತಿಯಲ್ಲಿದ್ದಾಗ, ಹಾಗೆ ಬಂದ ಒಂದು ಗೀರುಗೀರಿನ ಅಂಗಿಯನ್ನು ತೊಟ್ಟು ಶಾಲೆಗೆ ಹೋದೆ. ಆ ಮನೆಯ ಹುಡುಗ ಪಕ್ಕದ ವಿಭಾಗದಲ್ಲಿದ್ದನು. ಬಿಡುವಿನ ವೇಳೆಯಲ್ಲಿ ಅವನು ನನ್ನನ್ನು ನೋಡಿ, “ಇದು ನನ್ನ ಅಂಗಿ. ಜೇಬಿನ ಒಳಗೆ ಶಾಯಿ ಕಲೆ ಐತಿ, ಬೇಕಾದ್ರೆ ನೋಡ್ರಿ” ಎಂದನು. ಹುಡುಗರು ನನ್ನ ಜೇಬನ್ನು ಒಳಮಗ್ಗುಲು ಹೊರಗೆ ಎಳೆದರು. ಕಲೆ ಇತ್ತು. ನನ್ನ ತಂಗಿ ಆಗ ಮೂರನೆಯ ತರಗತಿ. ಅವಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಮನೆಯಲ್ಲಿ ನಾವಿಬ್ಬರೂ ಆ ಮಾತನ್ನೆತ್ತಲಿಲ್ಲ. ಅವಳು ಮಾತ್ರ ಮುಂದಿನ ದೀಪಾವಳಿಯಲ್ಲಿ ಬಂದ ಲಂಗವನ್ನು ಮುಟ್ಟಲೊಲ್ಲದೆ ಹೋದಳು. ತಾಯಿ ಹೊಡೆದರೂ ಮುಟ್ಟಲಿಲ್ಲ.

ಮುಂದೆ ನಾನು ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನ ಶಾಸ್ತ್ರವನ್ನು ಓದಿದೆ, ಈಗ ಅದನ್ನು ಪಾಠವೂ ಹೇಳುತ್ತೇನೆ. ಒಂದು ಕೃತಿ ಯಾರದೆಂಬುದನ್ನು ಕೃತಿಯ ಒಳಗಿನಿಂದಲೇ ಎತ್ತಿ ತೋರಿಸುವುದಕ್ಕೆ ಆಂತರಿಕ ಪ್ರಮಾಣವೆಂದು ಹೆಸರು. ಆ ಮಾತು ಬಂದಾಗಲೆಲ್ಲ ನನಗೆ ಆ ಜೇಬು ನೆನಪಾಗುತ್ತದೆ. ವಿದ್ಯಾರ್ಥಿಗಳಿಗೆ ಈ ಉದಾಹರಣೆಯನ್ನು ನಾನು ಎಂದೂ ಕೊಟ್ಟಿಲ್ಲ.

ಇಷ್ಟು ತಿಳಿದೂ ಶನಿವಾರ ಹುಡುಗನ ಜತೆ ಹೋದೆ. ಏಕೆ ಹೋದೆನೆಂದು ಕೇಳಿದರೆ ಸೋದರಮಾವನ ದೌರ್ಬಲ್ಯವೆನ್ನಬೇಕು, ಕುತೂಹಲವೆಂದೂ ಎನ್ನಬೇಕು.

ಅಂಗಡಿ ಇದ್ದದ್ದು ಮಾರೇ ಎಂಬ ಹಳೆಯ ಪೇಟೆಯ ಒಂದು ಕಿರಿದಾದ ಓಣಿಯಲ್ಲಿ. ಆ ಭಾಗದಲ್ಲಿ ಹಳೆಯ ಬಟ್ಟೆಯ ಅಂಗಡಿಗಳು ಹಲವಾರಿವೆ. ಕೆಲವು ಅಗ್ಗದವು, ತೂಕದ ಲೆಕ್ಕದಲ್ಲಿ ಮಾರುವಂಥವೂ ಉಂಟು. ನಾವು ಹೋದದ್ದು ಇನ್ನೊಂದು ಬಗೆಯದು. ಅಲ್ಲಿ ಅಂಗಡಿಯವರು ಬಟ್ಟೆಯನ್ನು ಕೊಂಡಿಟ್ಟಿರುವುದಿಲ್ಲ. ಒಡೆಯರು ತಂದು ಒಪ್ಪಿಸಿ ಹೋಗುತ್ತಾರೆ. ಮಾರಾಟವಾದ ಮೇಲೆ ಅಂಗಡಿಯವರು ತಮ್ಮ ಪಾಲನ್ನು ಮುರಿದುಕೊಂಡು ಉಳಿದುದನ್ನು ಕೊಡುತ್ತಾರೆ. ಮಾರಾಟವಾಗದಿದ್ದರೆ ಬಟ್ಟೆ ಹಿಂದಕ್ಕೆ. ಗಾಜಿನ ಬಾಗಿಲು, ಮರದ ನೆಲ, ಮಾತನಾಡಿದರೆ ಮೈಲಿಗೆಯಾಗುವುದೇನೋ ಎಂಬಂಥ ಮೌನ. ಹಳೆಯದು ಎಂಬ ಪದ ಅಲ್ಲಿ ಯಾರ ಬಾಯಲ್ಲಿಯೂ ಇಲ್ಲ. ‘ವಿಂಟೇಜ್’ ಎನ್ನುತ್ತಾರೆ, ‘ಪ್ರೀ ಓನ್ಡ್’ ಎನ್ನುತ್ತಾರೆ. ಮೊದಲು ಒಬ್ಬರ ಒಡೆತನದಲ್ಲಿದ್ದದ್ದು ಎಂದು ಅರ್ಥ. ಇದೇ ಅರ್ಥಕ್ಕೆ ಕೌಲ್ ಬಜಾರಿನಲ್ಲಿ ‘ಬಿಟ್ಟ ಬಟ್ಟೆ’ ಎನ್ನುತ್ತಿದ್ದೆವು. ಒಡೆತನವನ್ನು ಹೇಳುವ ಪದಕ್ಕೂ ಬಿಡುವುದನ್ನು ಹೇಳುವ ಪದಕ್ಕೂ ಎಷ್ಟು ಯೂರೋಗಳ ಅಂತರವೆಂಬುದನ್ನು ಭಾಷಾಶಾಸ್ತ್ರಜ್ಞರು ಲೆಕ್ಕ ಹಾಕಬೇಕು.

ಹುಡುಗ ಬಯಸಿದ ಷರಾಯಿ ಮಾರ್ಟಿನ್ ಮಾರ್ಜೇಲಾ ಎಂಬವರು ಸ್ಥಾಪಿಸಿದ ಮನೆಯದು. ಉಡುಪಿನ ಇಂಥ ಸಂಸ್ಥೆಗಳನ್ನು ಫ್ರೆಂಚರು ‘ಮೆಜೋಂ’, ಎಂದರೆ ಮನೆ, ಎನ್ನುತ್ತಾರೆ. ನಮ್ಮ ಸಂಗೀತಗಾರರ ಘರಾಣೆ ಇದ್ದ ಹಾಗೆ. ಮಾರ್ಜೇಲಾ ಬೆಲ್ಜಿಯಂ ದೇಶದವರು. 1988ರಲ್ಲಿ ಪ್ಯಾರಿಸಿನಲ್ಲಿ ಜೆನ್ನಿ ಮೈರೆನ್ಸ್ ಎಂಬಾಕೆಯ ಜತೆಗೂಡಿ ಈ ಮನೆಯನ್ನು ಕಟ್ಟಿದರು. ಈ ಮನುಷ್ಯನ ರೀತಿ ವಿಚಿತ್ರ. ಭಾವಚಿತ್ರ ತೆಗೆಸಿಕೊಳ್ಳಲು ಒಲ್ಲರು. ಪತ್ರಿಕೆಯವರು ಪ್ರಶ್ನೆ ಕೇಳಿದರೆ ಉತ್ತರ ಫ್ಯಾಕ್ಸಿನಲ್ಲಿ ಬರುತ್ತಿತ್ತು, ಅದೂ ‘ನಾನು’ ಎಂದಲ್ಲ, ‘ನಾವು’ ಎಂದು. ಹಳೆಯ ಬಟ್ಟೆಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವುದು ಅವರ ದೊಡ್ಡ ಹುಚ್ಚು. ಸೈನಿಕರ ಕಾಲುಚೀಲಗಳನ್ನು ಕೂಡಿಸಿ ಸ್ವೆಟರ್ ಮಾಡಿದ್ದುಂಟು. 1994ರಿಂದ ಇನ್ನೊಂದು ಕ್ರಮ ಮೊದಲಾಯಿತು: ಎಲ್ಲೋ ಸಿಕ್ಕ ಹಳೆಯ ಉಡುಪನ್ನು ಇದ್ದಕ್ಕಿದ್ದಂತೆ ಪ್ರತಿ ಮಾಡಿ ಹೊಲಿಯುವುದು, ಮೂಲ ಯಾವ ಊರಿನದು, ಯಾವ ಕಾಲದ್ದು ಎಂಬುದನ್ನು ಅದರೊಳಗಿನ ಚೀಟಿಯಲ್ಲಿ ನಮೂದಿಸುವುದು. ಓಲೆಯ ಪ್ರತಿಗಾರನ ಪ್ರಾಮಾಣಿಕತೆ ಇದು. ನಮ್ಮ ಎಷ್ಟು ಪ್ರಕಟನೆಗಳಲ್ಲಿ ಇಷ್ಟು ವಿವರ ಸಿಕ್ಕುತ್ತದೆ?

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಅವರ ಅಂಕಿತ. ಬೇರೆ ಮನೆಗಳು ಹೆಸರನ್ನು ದಪ್ಪ ಅಕ್ಷರಗಳಲ್ಲಿ ಮೆರೆಸುತ್ತವೆ. ಇವರು ಅಂಗಿಯೊಳಗೆ ಒಂದು ಬಿಳಿಯ ಬಟ್ಟೆಯ ತುಂಡನ್ನಿಟ್ಟರು, ಅದರ ಮೇಲೆ ಏನನ್ನೂ ಬರೆಯಲಿಲ್ಲ. ಅದನ್ನು ನಾಲ್ಕು ಮೂಲೆಗಳಲ್ಲಿ ನಾಲ್ಕು ಬಿಳಿಯ ಹೊಲಿಗೆ ಹಾಕಿ ಸಡಿಲವಾಗಿ ಹಿಡಿಸಿದರು. ಬೇಡವೆಂದವರು ನಾಲ್ಕು ದಾರ ಕತ್ತರಿಸಿ ತೆಗೆದುಹಾಕಲಿ, ಬಟ್ಟೆಗೆ ಯಾರ ಹೆಸರೂ ಬೇಡ ಎಂಬ ಉದ್ದೇಶ. 1997ರಿಂದ 0 ಮೊದಲು 23ರವರೆಗಿನ ಅಂಕಿಗಳ ಚೀಟಿ ಬಂತು; ಉಡುಪು ಯಾವ ವರ್ಗಕ್ಕೆ ಸೇರಿದ್ದೋ ಆ ಅಂಕಿಯ ಸುತ್ತ ಒಂದು ವೃತ್ತ. ಗಂಡಸರ ಉಡುಪಿಗೆ 10. ಆದರೆ ಆ ನಾಲ್ಕು ಹೊಲಿಗೆಗಳು ಹೊರಮಗ್ಗುಲಲ್ಲಿ ಬೆನ್ನಿಗೋ ಸೊಂಟಕ್ಕೋ ಕಾಣುತ್ತವಲ್ಲ, ಅವೇ ಈಗ ಗುರುತು. ಹೆಸರನ್ನು ಅಳಿಸಲೆಂದು ಹಾಕಿದ ದಾರವೇ ಹೆಸರಾಗಿಬಿಟ್ಟಿತು. ದೂರದಿಂದ ಆ ನಾಲ್ಕು ಬಿಳಿ ಗೀಟುಗಳನ್ನು ಕಂಡು ಬಲ್ಲವರು ಬಲ್ಲವರನ್ನು ಗುರುತಿಸುತ್ತಾರೆ. 2002ರಲ್ಲಿ ಸಂಸ್ಥೆ ಇಟಲಿಯ ಜೀನ್ಸ್ ಉದ್ಯಮಿ ರೆಂಜೋ ರೊಸ್ಸೋ ಅವರ ಬಳಗದ ಕೈಸೇರಿತು; 2009ರಲ್ಲಿ ಮಾರ್ಜೇಲಾ ಮನೆ ಬಿಟ್ಟುಹೋದರು. ಹೊಲಿಗೆಗಳು ಉಳಿದವು.

ಗುರುತಿಗೆ ಬೆಲೆ ಬಂದ ಮೇಲೆ ಕಳ್ಳ ಗುರುತು ಬರದೆ ಇರುತ್ತದೆಯೇ? ವಚನಗಳ ಸಂಪಾದಕರು ಈ ಕಷ್ಟವನ್ನು ಬಲ್ಲರು. ಹಿಂದಿನವರ ಅಂಕಿತವಿಟ್ಟು ಮುಂದಿನವರು ಬರೆದು ಸೇರಿಸಿದ್ದುಂಟು. ಅಂಕಿತ ದಾರಿ ತೋರಿಸಬಹುದು, ಅದೊಂದರಿಂದಲೇ ತೀರ್ಮಾನವಾಗದು. ಅಂಗಡಿಯ ಹೆಂಗಸು, ಅರವತ್ತರ ಆಸುಪಾಸಿನವರು, ಇದನ್ನು ನನಗಿಂತ ಚೆನ್ನಾಗಿ ಅರಿತಿದ್ದರು. ಹುಡುಗ ಕೇಳಿದ ಮೇಲೆ ಅವರು ಷರಾಯಿಯನ್ನು ಮೇಜಿನ ಮೇಲೆ ಹರಡಿ ತಮ್ಮ ಪರೀಕ್ಷೆಯನ್ನು ಒಂದೊಂದಾಗಿ ತೋರಿಸಿದರು. ಅವನು ನನಗೆ ಕನ್ನಡದಲ್ಲಿ ಹೇಳುತ್ತ ಹೋದನು. ಮೊದಲು ಚೀಟಿಯಲ್ಲ, ಬಟ್ಟೆ: ಅದರ ತೂಕ, ನೇಯ್ಗೆ. ಆಮೇಲೆ ಒಳಹೊಲಿಗೆ, ಗುಂಡಿ, ಜಿಪ್ಪಿನ ಮೇಲೆ ಕೆತ್ತಿದ ಅಕ್ಷರ. ಪಕ್ಕದ ಹೊಲಿಗೆಯೊಳಗಿನ ಸಣ್ಣ ಪಟ್ಟಿಯಲ್ಲಿ ನೂಲಿನ ವಿವರ, ಇಟಲಿಯಲ್ಲಿ ತಯಾರಾದದ್ದೆಂಬ ಒಕ್ಕಣೆ. ಕೊನೆಗೆ ಆ ನಾಲ್ಕು ಹೊಲಿಗೆಗಳು. ಚೀಟಿಯ ಪ್ರಾಯಕ್ಕೂ ಬಟ್ಟೆಯ ಪ್ರಾಯಕ್ಕೂ ತಾಳೆಯಾಗಬೇಕಂತೆ. ಸವೆದ ಬಟ್ಟೆಯ ಮೇಲೆ ಹೊಚ್ಚಹೊಸ ಬಿಳಿಯ ಚೀಟಿ ಇದ್ದರೆ ಸಂಶಯಪಡಬೇಕು. ಪ್ರಕ್ಷಿಪ್ತವನ್ನು ಹಿಡಿಯುವ ಸೂತ್ರವೂ ಇದೇ ಅಲ್ಲವೆ! ನಾನು ಮನಸ್ಸಿನಲ್ಲಿಯೇ ಆಕೆಗೆ ನಮಸ್ಕರಿಸಿದೆ. ಆ ದೇಶದಲ್ಲಿ ನಕಲಿ ಸರಕನ್ನು ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ. ಆದ್ದರಿಂದ ಈ ಪಾಂಡಿತ್ಯ ಬರಿಯ ವಿನೋದಕ್ಕಲ್ಲ.

ಪರೀಕ್ಷೆಯ ನಡುವೆ ಆಕೆ ಜೇಬಿಗೆ ಕೈಹಾಕಿ ಅದರ ಒಳಮಗ್ಗುಲನ್ನು ಹೊರಗೆಳೆದರು. ಕಲೆ ಇದ್ದರೆ ತಿಳಿಯಬೇಕಲ್ಲ. ನಾನು ಮುಖ ತಿರುಗಿಸಿ ಬೀದಿಯನ್ನು ನೋಡುತ್ತ ನಿಂತೆ.

ಹುಡುಗ ತೊಟ್ಟು ಬಂದನು. ಹಳೆಯ ಜೀನ್ಸಿನಲ್ಲಿ ಚೀಟಿಯ ಅಳತೆಯನ್ನು ನಂಬಬಾರದು, ಒಗೆತದಲ್ಲಿ ಕುಗ್ಗಿರುತ್ತದೆ. ಸೊಂಟ, ತೊಡೆ, ಒಳಗಾಲಿನ ಉದ್ದ ಎಲ್ಲವನ್ನೂ ಟೇಪು ಹಿಡಿದು ಅಳೆಯಬೇಕು. ಬಟ್ಟೆ ಮೊದಲು ಸೋಲುವುದು ಎರಡು ತೊಡೆ ಕೂಡುವ ಸಂದಿನಲ್ಲಿ; ಅಲ್ಲಿ ಬೆಳಕಿಗೆ ಹಿಡಿದು ನೋಡಬೇಕು. ಇವೆಲ್ಲ ಅವನಿಗೆ ಕರತಲಾಮಲಕ. ಆದರೆ ಅವನ ಕಣ್ಣು ಹೊಳೆದದ್ದು ಬೇರೊಂದನ್ನು ತೋರಿಸುವಾಗ. “ನೋಡ್ರಿ ಮಾಮ, ಇಲ್ಲಿ ಮೊಣಕಾಲಿನ ಹಿಂದೆ ಗೆರೆ. ಇಲ್ಲಿ ಜೇಬಿನ ಮೇಲೆ ಪರ್ಸಿನ ಅಚ್ಚು. ಯಾರೋ ವರ್ಷಗಟ್ಟಲೆ ಬದುಕ್ಯಾರೆ ಇದರೊಳಗೆ.”

ಜೀನ್ಸಿನ ನೀಲಿಯ ಗುಣವೇ ಅದು. ಹಾಸಿನ ನೂಲಿಗೆ ಮಾತ್ರ ಬಣ್ಣ, ಹೊಕ್ಕಿನದು ಬಿಳಿ. ಆ ನೀಲಿಯೂ ನೂಲಿನ ಮೇಲ್ಪದರದಲ್ಲಿ ನಿಲ್ಲುತ್ತದೆ, ತಿರುಳಿಗೆ ಇಳಿಯುವುದಿಲ್ಲ. ಆದಕಾರಣ ಉಜ್ಜಿದಲ್ಲಿ ಬೆಳ್ಳಗಾಗುತ್ತದೆ. ತೊಟ್ಟವನು ಹೇಗೆ ಕುಳಿತ, ಯಾವ ಜೇಬಿನಲ್ಲಿ ಏನಿಟ್ಟ ಎಂಬುದೆಲ್ಲ ಬಟ್ಟೆಯ ಮೇಲೆ ಬರೆದುಹೋಗುತ್ತದೆ. ಮೊದಲು ಇದು ಕೂಲಿಯವರ ಉಡುಪು. 1873ನೆಯ ಮೇ 20ರಂದು ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೀವೈ ಸ್ಟ್ರಾಸ್ ಎಂಬ ಜವಳಿ ವರ್ತಕನೂ ಅಮೆರಿಕದಲ್ಲಿ ಜೇಬಿನ ಮೂಲೆಗೆ ತಾಮ್ರದ ಮೊಳೆ ಬಡಿಯುವ ಹಕ್ಕನ್ನು ಪಡೆದದ್ದು ಗಣಿಯವರ ಜೇಬು ಹರಿಯದಿರಲೆಂದು. ಡೆನಿಮ್ ಎಂಬ ಮಾತು ಫ್ರಾನ್ಸಿನ ನೀಮ್ ಪಟ್ಟಣದಿಂದ, ಜೀನ್ ಎಂಬುದು ಇಟಲಿಯ ಜಿನೋವಾದಿಂದ ಬಂದವೆನ್ನುತ್ತಾರೆ. ಡಂಗರೀ ಎಂಬ ದಪ್ಪ ಬಟ್ಟೆಯ ಹೆಸರಂತೂ ನಮ್ಮ ಮುಂಬಯಿಯ ಡೋಂಗ್ರಿಯದು. ಕೂಲಿಯವನ ಆ ಷರಾಯಿಗೆ ಬಂದ ಯೋಗವನ್ನು ನೋಡಿ: 1880ರ ದಶಕದ ಒಂದು ಹರಕು ಜೀನ್ಸನ್ನು 2001ರಲ್ಲಿ ಅದೇ ಲೀವೈ ಸ್ಟ್ರಾಸ್ ಕಂಪನಿ ಹರಾಜಿನಲ್ಲಿ 46,532 ಡಾಲರುಗಳಿಗೆ ಕೊಂಡಿತು. ತಾನು ಹೊಲಿದು ಮಾರಿದ್ದನ್ನೇ!

ಸವೆತಕ್ಕೆ ಬೆಲೆ ಬಂದಾಗ ಸವೆತವನ್ನೂ ತಯಾರಿಸುತ್ತಾರೆ. ಬಳ್ಳಾರಿಯ ವಾಷಿಂಗ್ ಘಟಕಗಳಲ್ಲಿ ಹೊಸ ಜೀನ್ಸನ್ನು ತೊಳೆದು ಉಜ್ಜಿ ಹಳೆಯದು ಮಾಡುವುದನ್ನು ನಾನು ಕಂಡವನು. ಹೊರದೇಶಗಳಲ್ಲಿ ಮರಳನ್ನು ರಭಸದಿಂದ ಊದಿ ಬಣ್ಣ ತೆಗೆಯುವ ಪದ್ಧತಿಯಿತ್ತು. ಆ ಧೂಳಿನಿಂದ ಟರ್ಕಿಯಲ್ಲಿ ಅನೇಕ ಯುವಕರು ಶ್ವಾಸಕೋಶದ ರೋಗಕ್ಕೆ ತುತ್ತಾಗಿ ಸತ್ತರು. 2009ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಷೇಧಿಸಿತು. ಇದನ್ನು ಹೇಳಿದಾಗ ಹುಡುಗ, ಅದಕ್ಕೇ ತನಗೆ ನಿಜವಾಗಿ ಸವೆದದ್ದು ಬೇಕು ಎಂದನು.

ಉತ್ತರವೇನೋ ಸರಿ. ಆದರೂ ನನ್ನ ಗಂಟಲಿನ ಮುಳ್ಳು ಹೋಗಲಿಲ್ಲ. ಅಲ್ಲಿಯೇ ನಿಂತು ಆ ಅಂಗಿಯ ಕಥೆಯನ್ನು ಮೊಟ್ಟಮೊದಲು ಅವನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, “ಆ ಅಂಗಿಯನ್ನು ನೀವು ಆರಿಸಿರಲಿಲ್ಲ ಮಾಮ. ಇದನ್ನು ನಾನು ಆರಿಸೀನಿ” ಎಂದನು. ಈ ಮಾತನ್ನು ನಾನು ಈಗಲೂ ಪೂರ್ತಿಯಾಗಿ ಒಪ್ಪಿಲ್ಲ. ಬೇರೆ ಬಟ್ಟೆ ಇದ್ದವನಿಗೆ ಬಿಟ್ಟ ಬಟ್ಟೆ ಸೊಗಸು. ಇಲ್ಲದವನಿಗೆ ಅದು ಬಟ್ಟೆ, ಅಷ್ಟೇ. ಕಲೆಯೆಂದು ನನ್ನನ್ನು ಕಾಡಿದ್ದನ್ನು ಅವನು ಕಥೆಯೆಂದು ಓದುತ್ತಾನೆ. ಹೀಗೆ ಓದಬಲ್ಲಷ್ಟು ದೂರಕ್ಕೆ ಅವನನ್ನು ಒಯ್ದಿಟ್ಟವಳು ಅವನ ತಾಯಿಯೇ. ಅವನ ಹತ್ತಿರ 140 ಯೂರೋಗಳಿದ್ದವು. ಉಳಿದ 25ನ್ನು ನಾನು ಕೊಟ್ಟೆ.

ಮನೆಯಲ್ಲಿ ಗುಟ್ಟು ಉಳಿಯಲಿಲ್ಲ. ತಂಗಿ ಚೀಲದಿಂದ ಷರಾಯಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

“ಯಾರದಿದು?”

ಯಾರೂ ಮಾತನಾಡಲಿಲ್ಲ.

“ದುಡ್ಡು ಕೊಟ್ಟು ತಂದಾನೇನು? ಅಣ್ಣಾ, ನೀನು ಜತೆಗಿದ್ದು?” ನನ್ನ ಮುಖವನ್ನು ನೋಡಿ ದನಿ ತಗ್ಗಿಸಿದಳು. “ನಿನಗೂ ಮರೆತುಹೋಯ್ತಾ?”

ಮರೆತಿಲ್ಲವೆಂದು ಹೇಳಬೇಕೆಂದಿದ್ದೆ, ಹೇಳಲಾಗಲಿಲ್ಲ. ಅವಳು ಷರಾಯಿಯನ್ನು ಬಚ್ಚಲಿನ ಬಕೆಟ್ಟಿಗೆ ಹಾಕಿ ಬಾಗಿಲೆಳೆದುಕೊಂಡಳು. ಆ ರಾತ್ರಿಯ ಊಟ ಮೌನದಲ್ಲಿ ಮುಗಿಯಿತು.

ಮರುದಿನ ಬೆಳಗ್ಗೆ ಎದ್ದು ಬಂದಾಗ ಷರಾಯಿ ತೊಳೆದು ಹಿಂಡಿ ಬಾಲ್ಕನಿಯ ಸರಳಿನ ಮೇಲಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳು ಅದನ್ನು ಇಸ್ತ್ರಿಯ ಹಲಗೆಯ ಮೇಲೆ ಹರಡಿಕೊಂಡಿದ್ದಳು. ಎಡಗೈ ಸೊಂಟಪಟ್ಟಿಯ ಮೇಲೆ ಹರಿಯುತ್ತಿತ್ತು. ಕಣ್ಣು ಕಿಟಕಿಯ ಹೊರಗಿತ್ತು. ಬಲಗೈಯಲ್ಲಿ ಚಿಕ್ಕ ಕತ್ತರಿ. ಹುಡುಗ ಬಾಗಿಲಿಗೆ ಬಂದು “ಅಮ್ಮಾ!” ಎಂದು ಕೂಗುವಷ್ಟರಲ್ಲಿ ನಾಲ್ಕನೆಯದೂ ಹೋಗಿತ್ತು. ಬಿಳಿಯ ಚೀಟಿ ಒಣಗಿದ ಎಲೆಯಂತೆ ನೆಲಕ್ಕೆ ಬಿತ್ತು.

“ಏನಾತು? ದಾರ ಬಿಟ್ಟಿದ್ರು, ಕತ್ತರಿಸಿದೆ” ಎಂದಳು.

ಅವನ ಮುಖ ಬಿಳಿಚಿತು. ಚೀಟಿಯಿಲ್ಲದ ಷರಾಯಿಯನ್ನು ನಾಳೆ ಮಾರಹೋದರೆ ಕೊಳ್ಳುವವರಿಲ್ಲವೆಂಬುದು ಅವನಿಗೆ ಗೊತ್ತು. ಮಾರ್ಜೇಲಾ ಬಯಸಿದ್ದು ಇದನ್ನೇ ಎಂದು ನಾನು ಹೇಳಹೋದೆ. ಇಂಥ ವೇಳೆಯಲ್ಲಿ ಅಧ್ಯಾಪಕರ ಮಾತನ್ನು ಯಾರು ಕೇಳುತ್ತಾರೆ? ಅವನು ಚೀಟಿಯನ್ನು ಎತ್ತಿಕೊಂಡು ನೋಡಿದನು, ತಾಯಿಯ ಕೈಯಲ್ಲಿದ್ದ ಕತ್ತರಿಯನ್ನು ನೋಡಿದನು. ಕೌಲ್ ಬಜಾರಿನ ಗಂಟುಗಳ ವಿಚಾರವನ್ನೂ ನಾನು ಅಂಗಡಿಯಲ್ಲಿ ಹೇಳಿದ್ದೆ. ಅವನ ತುಟಿ ನಡುಗಿ, ಆಮೇಲೆ ನಗು ಬಂತು. ಚೀಟಿಯನ್ನು ನನ್ನ ಕೈಗೆ ಕೊಟ್ಟನು. ಅದು ಈಗ ನನ್ನ ಗ್ರಂಥಸಂಪಾದನೆಯ ಪಾಠದ ಟಿಪ್ಪಣಿ ಪುಸ್ತಕದಲ್ಲಿ, ಪ್ರಕ್ಷಿಪ್ತದ ಅಧ್ಯಾಯ ಮೊದಲಾಗುವಲ್ಲಿ ಇದೆ.

ತಂಗಿ ನಮ್ಮಿಬ್ಬರ ಕಡೆಗೂ ನೋಡದೆ ಷರಾಯಿಯನ್ನು ಒಳಹೊರಗು ಮಾಡಿ, ತೊಡೆಯ ಸಂದಿನಿಂದ ಪಾದದವರೆಗೆ ಹೊಲಿಗೆಯ ಮೇಲೆ ಹೆಬ್ಬೆರಳನ್ನು ಓಡಿಸಿಕೊಂಡು ಹೋದಳು.

“ಹೊಲಿಗೆ ಗಟ್ಟಿ ಹಾಕ್ಯಾರೆ” ಎಂದಳು. “ಆದರೂ ಬಳ್ಳಾರಿಯವರಿಗಿಂತ ಹೆಚ್ಚೇನಿಲ್ಲ.”